ಯುಕೆಯಲ್ಲಿ ಕೆಲಸ, ಈಸ್ಟರ್ ರಜೆಗೆ ಪ್ಯಾರಿಸ್: ಶೆಂಗೆನ್ ವೀಸಾ ಯಾವ ದೇಶಕ್ಕೆ ಹಾಕೋದು?

ತುಂಗಾತೀರ
ಎಲ್ರಿಗೂ ನಮಸ್ಕಾರ. ಲೀಡ್ಸ್‌ನಲ್ಲಿ ಕೆಲಸ, ಸ್ಕಿಲ್ಡ್ ವರ್ಕರ್ ವೀಸಾ. ಹೆಂಡತಿ ಮತ್ತು 7 ವರ್ಷದ ಮಗಳು ಡಿಪೆಂಡೆಂಟ್. ಮೂವರದ್ದೂ ಭಾರತದ ಪಾಸ್‌ಪೋರ್ಟ್, ಇನ್ನೂ 4 ವರ್ಷ ಇದೆ. ಏಪ್ರಿಲ್ 3ಕ್ಕೆ ಯೂರೋಸ್ಟಾರ್ ರೈಲು ಹತ್ತಿ ಪ್ಯಾರಿಸ್‌ನಲ್ಲಿ 4 ರಾತ್ರಿ, ಅಲ್ಲಿಂದ ಸ್ವಿಟ್ಜರ್‌ಲೆಂಡ್‌ನಲ್ಲಿ 3 ರಾತ್ರಿ, 10ಕ್ಕೆ ವಾಪಸ್ ಅಂತ ಯೋಚನೆ. ಶೆಂಗೆನ್ ವೀಸಾಗೆ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಫ್ರಾನ್ಸ್ ಕಡೆ ಅಪಾಯಿಂಟ್‌ಮೆಂಟ್ ಒಂದೂ ಕಾಣ್ತಿಲ್ಲ, ಸ್ವಿಸ್‌ಗೆ ಬೇಕಾದಷ್ಟು ಖಾಲಿ ಇದೆ. ಅಲ್ಲೇ ಹಾಕಬಹುದಾ?

ಇನ್ನೊಂದು, ಅದೇ ಸಮಯಕ್ಕೆ ಅಪ್ಪ ಅಮ್ಮ ಶಿವಮೊಗ್ಗದಿಂದ ವಿಸಿಟರ್ ವೀಸಾದಲ್ಲಿ ಇಲ್ಲಿಗೆ ಬಂದಿರ್ತಾರೆ. ಅವರ ಅರ್ಜಿಯನ್ನೂ ಇಲ್ಲಿಂದಲೇ ಹಾಕೋಕೆ ಆಗುತ್ತಾ? ನಮ್ಮ ಯುಕೆ ವೀಸಾ ಜೂನ್ 20ರವರೆಗೆ ಇದೆ. ಕಾರ್ಡ್ ಇಲ್ಲ, ಬರೀ ಇ-ವೀಸಾ. ಅದಕ್ಕೆ ಪುರಾವೆಯಾಗಿ ಏನು ಕೊಡಬೇಕು?

ಹುಬ್ಬಳ್ಳಿ_ಹುಡುಗ
ಸ್ವಿಸ್ ಹಾಕ್ರಿ, ಏನೂ ಆಗಂಗಿಲ್ಲ. ಶೆಂಗೆನ್ ಅಂದ್ರ ಎಲ್ಲಾ ಒಂದ.

ದಾಖಲೆಪ್ರಿಯ
ಎಲ್ಲಾ ಒಂದೇ ಅನ್ನೋದು ಒಳಗೆ ಹೋದ ಮೇಲೆ ಓಡಾಡೋಕೆ. ಅರ್ಜಿ ಹಾಕೋಕೆ ಅಲ್ಲ. ಎಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೇ ಹಾಕಬೇಕು. ಎರಡೂ ಕಡೆ ಸಮ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ತುಂಗಾತೀರ ಅವರದ್ದು ಪ್ಯಾರಿಸ್ 4, ಸ್ವಿಸ್ 3, ಅಲ್ಲಿಗೆ ಫ್ರಾನ್ಸ್. ಸ್ವಿಸ್ ಕೇಂದ್ರಕ್ಕೆ ಈ ಬುಕಿಂಗ್ ಹಿಡ್ಕೊಂಡು ಹೋದರೆ "ಇದು ನಮ್ಮದಲ್ಲ" ಅಂತ ವಾಪಸ್ ಕಳಿಸ್ತಾರೆ. ಬುಕಿಂಗ್ ತಿದ್ದಿ ಸ್ವಿಸ್ 5 ರಾತ್ರಿ ಅಂತ ತೋರಿಸಿ, ವೀಸಾ ಬಂದ ಮೇಲೆ ಹೋಟೆಲ್ ರದ್ದು ಮಾಡಿ ಪ್ಯಾರಿಸ್‌ನಲ್ಲಿ ಕೂತ್ಕೊಳ್ಳೋದನ್ನ ದಯವಿಟ್ಟು ಯಾರೂ ಹೇಳಿಕೊಡಬೇಡಿ. ಸುಳ್ಳು ಹೇಳಿ ಪಡೆದ ವೀಸಾ ಅಂತ ಗಡಿಯಲ್ಲಿ ಗೊತ್ತಾದರೆ ಅಲ್ಲೇ ರದ್ದು ಮಾಡುವ ಅಧಿಕಾರ ಅವರಿಗಿದೆ.

ನಿಜವಾಗಿಯೂ ಒಂದು ರಾತ್ರಿ ಆ ಕಡೆಯಿಂದ ಈ ಕಡೆಗೆ ಸರಿಸಿ, ಪ್ಯಾರಿಸ್ 3, ಸ್ವಿಸ್‌ನ ಇಂಟರ್ಲಾಕನ್ 4 ಅಂತ ಹೋಗೋ ಹಾಗಿದ್ದರೆ ಸ್ವಿಸ್‌ಗೆ ಹಾಕಿ. ಅದು ಸರಿಯಾದ ದಾರಿ.

ಕುಡ್ಲದವ
ಮಾರಾಯ್ರೆ, ಎಲ್ಲರೂ ಯಾವ ದೇಶ ಯಾವ ದೇಶ ಅಂತ ಕೂತಿದ್ದೀರಿ, ಜೂನ್ 20 ಯಾರ ಕಣ್ಣಿಗೂ ಬೀಳಲಿಲ್ವಾ? ಶೆಂಗೆನ್‌ನಿಂದ ಹೊರಡುವ ದಿನದಿಂದ ಲೆಕ್ಕ ಹಾಕಿದರೆ ಯುಕೆ ವೀಸಾ ಇನ್ನೂ 3 ತಿಂಗಳು ಇರಬೇಕು. ಏಪ್ರಿಲ್ 10ಕ್ಕೆ 3 ತಿಂಗಳು ಸೇರಿಸಿ, ಜುಲೈ 10 ಆಯ್ತು. ಇವರದ್ದು ಜೂನ್ 20ಕ್ಕೇ ಮುಗೀತದೆ. 20 ದಿನ ಕಮ್ಮಿ. ಪಾಸ್‌ಪೋರ್ಟ್‌ನಲ್ಲಿ 4 ವರ್ಷ ಇದ್ದು ಇಲ್ಲಿ ಪ್ರಯೋಜನ ಇಲ್ಲ.

ತುಂಗಾತೀರ
ಅಯ್ಯೋ. 3 ತಿಂಗಳ ನಿಯಮ ಪಾಸ್‌ಪೋರ್ಟ್‌ಗೆ ಮಾತ್ರ ಅಂದ್ಕೊಂಡಿದ್ದೆ.

ಕುಡ್ಲದವ
ಎರಡಕ್ಕೂ ಉಂಟು. ಪಾಸ್‌ಪೋರ್ಟ್‌ಗೆ ಇನ್ನೆರಡು ಷರತ್ತು: ಕೊಟ್ಟು 10 ವರ್ಷ ದಾಟಿರಬಾರದು, ಖಾಲಿ ಪುಟ ಕನಿಷ್ಠ 2 ಇರಬೇಕು. ಮಗಳ ಪಾಸ್‌ಪೋರ್ಟ್ ಬೇರೆಯಾಗಿ ನೋಡಿ, ಮಕ್ಕಳದ್ದು 5 ವರ್ಷದ್ದು. ನಮ್ಮದು ನೋಡಿ ಮಗುವಿನದ್ದೂ ಅಷ್ಟೇ ಇದೆ ಅಂತ ಬಿಡುವುದೇ ಜಾಸ್ತಿ.

ಹುಬ್ಬಳ್ಳಿ_ಹುಡುಗ
20 ದಿನಕ್ಕ ಯಾರ್ ತಲಿ ಕೆಡಿಸ್ಕೋತಾರ್ರಿ? ಹಾಕಿ ನೋಡ್ರಿ, ಬಂದ್ರ ಬಂತು.

ಅಬರ್ಡೀನ್_ಅಕ್ಕ
ಹಾಗೆ ಹೇಳಬೇಡಿ ತಮ್ಮ. ಬರದೇ ಹೋದರೆ ಶುಲ್ಕವೂ ವಾಪಸ್ ಬರಲ್ಲ. ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಗುವಿಗೆ 45, 6ರ ಒಳಗಿದ್ದರೆ ಇಲ್ಲ. ಇವರ ಮನೆಯಿಂದ 225 ಯೂರೋ. ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ದುಡ್ಡು ಹೋದರೆ ಹೋಗಲಿ ಅಂದ್ರೂ, ತಿರಸ್ಕಾರ ಮಾತ್ರ ಎಲ್ಲ ಶೆಂಗೆನ್ ದೇಶಗಳೂ ನೋಡುವ ಗಣಕದಲ್ಲಿ ಉಳಿಯುತ್ತೆ. ಮುಂದೆ ಯಾವ ದೇಶದ ಫಾರಂ "ಹಿಂದೆ ವೀಸಾ ನಿರಾಕರಣೆ ಆಗಿದೆಯಾ" ಅಂತ ಕೇಳಿದರೂ ಹೌದು ಅಂತಲೇ ಬರೀಬೇಕು.

ತುಂಗಾತೀರ ಅವರೇ, ನಿಮ್ಮ ಮುಂದೆ ಇರೋದು ಎರಡು ದಾರಿ. ಒಂದು, ಯುಕೆ ವೀಸಾ ಮೊದಲು ವಿಸ್ತರಿಸಿ, ಹೊಸ ತಾರೀಕು ಇ-ವೀಸಾದಲ್ಲಿ ಬಂದ ಮೇಲೆ ಶೆಂಗೆನ್. ಎರಡು, ಪ್ರವಾಸವನ್ನ ಬೇಸಿಗೆ ರಜೆಗೆ ತಳ್ಳೋದು. ವಿಸ್ತರಣೆಗೆ ಕಂಪನಿಯ ಎಚ್‌ಆರ್ ಹೊಸ ಸಿಒಎಸ್ (ಕಂಪನಿಯ ಪ್ರಾಯೋಜಕತ್ವದ ದಾಖಲೆ) ಕೊಡಬೇಕು. ಅದರಲ್ಲಿ ಬರೆದಿರೋ ಕೆಲಸದ ಆರಂಭದ ದಿನಕ್ಕಿಂತ 3 ತಿಂಗಳಿಗಿಂತ ಮುಂಚೆ ಅರ್ಜಿ ಹಾಕೋಕೆ ಆಗಲ್ಲ. ಎಚ್‌ಆರ್ ಜೂನ್ 21 ಅಂತ ಹಾಕಿಬಿಟ್ಟರೆ ಮಾರ್ಚ್ ಕೊನೆವರೆಗೆ ಕೈಕಟ್ಟಿ ಕೂರಬೇಕು. ಆರಂಭದ ದಿನ ಇನ್ನೂ ಮುಂಚಿನದ್ದು ಹಾಕಿ ಕೊಡೋಕೆ ಆಗುತ್ತಾ ಅಂತ ಈ ವಾರವೇ ಕೇಳಿ. ಮಾಮೂಲಿ ತೀರ್ಮಾನ 8 ವಾರದೊಳಗೆ, 500 ಪೌಂಡ್ ಹೆಚ್ಚು ಕಟ್ಟಿದರೆ 5 ಕೆಲಸದ ದಿನ, 1000 ಕಟ್ಟಿದರೆ ಮರುದಿನದ ಕೆಲಸದ ಅವಧಿ ಮುಗಿಯೋದ್ರೊಳಗೆ. ಅದು ತಲೆಗೆ ಅಷ್ಟು, ಡಿಪೆಂಡೆಂಟ್‌ಗಳಿಗೂ ಬೇರೆ ಬೇರೆ.

ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ವಿಸ್ತರಣೆಯ ಅರ್ಜಿ ಹೋಮ್ ಆಫೀಸ್‌ನಲ್ಲಿ (ಯುಕೆಯ ಗೃಹ ಇಲಾಖೆ) ಬಾಕಿ ಇರುವಾಗ ಪ್ಯಾರಿಸ್‌ಗೆ ಹೋದರೆ ಆ ಅರ್ಜಿಯನ್ನ ನೀವೇ ಹಿಂತೆಗೆದುಕೊಂಡಂತೆ ಲೆಕ್ಕ. ತೀರ್ಮಾನ ಬರೋವರೆಗೆ ದೇಶ ಬಿಡಬಾರದು, ಎರಡು ದಿನಕ್ಕೂ ಬಿಡಬಾರದು.

ಬಯಲುಸೀಮೆ
ಹೋಮ್ ಆಫೀಸ್ ಬಾಕಿ ಇದ್ದಾಗ ಡಬ್ಲಿನ್‌ಗೆ ಹೋಗಿ ಬರಬಹುದಲ್ಲ, ಅದು ಕಾಮನ್ ಟ್ರಾವೆಲ್ ಏರಿಯಾ, ಅಂದ್ರೆ ಯುಕೆ, ಐರ್ಲೆಂಡ್ ಎರಡೂ ಸೇರಿದ ಓಡಾಟದ ವಲಯ. ಬೆಲ್‌ಫಾಸ್ಟ್‌ನಿಂದ ರೈಲು ಹತ್ತಿದರೆ ಗಡಿಯಲ್ಲಿ ಚೆಕ್ಕೂ ಇಲ್ಲ.

ದಾಖಲೆಪ್ರಿಯ
ಅರ್ಧ ಸರಿ, ಅರ್ಧ ತಪ್ಪು. ಐರ್ಲೆಂಡ್‌ಗೆ ಹೋದರೆ ಅರ್ಜಿ ಹಿಂತೆಗೆದಂತೆ ಆಗಲ್ಲ, ಅಷ್ಟು ನಿಜ. ಆದರೆ ಭಾರತದ ಪಾಸ್‌ಪೋರ್ಟ್‌ಗೆ ಐರಿಷ್ ವೀಸಾ ಬೇಕೇ ಬೇಕು. ಯುಕೆ ಕೆಲಸದ ವೀಸಾ ಇದ್ದರೆ ಐರ್ಲೆಂಡ್‌ಗೆ ಬಿಡ್ತಾರೆ ಅನ್ನೋ ಮಾತು ಎಲ್ಲಾ ಗುಂಪುಗಳಲ್ಲೂ ಓಡಾಡ್ತಿದೆ, ಅದು ತಪ್ಪು. ಬಿಐವಿಎಸ್ (ಒಂದೇ ವೀಸಾದಲ್ಲಿ ಯುಕೆ, ಐರ್ಲೆಂಡ್ ಎರಡನ್ನೂ ನೋಡೋದು) ಅನ್ನೋ ಒಪ್ಪಂದ ಇರೋದು ಪ್ರವಾಸಿ ವೀಸಾದಲ್ಲಿ ಬಂದ ಭಾರತೀಯರಿಗೆ ಮತ್ತು ಚೀನೀಯರಿಗೆ, ಅದೂ ವೀಸಾದಲ್ಲಿ ಆ ಗುರುತು ಇದ್ದರೆ. ಇಲ್ಲೇ ನೆಲೆಸಿ ಕೆಲಸ ಮಾಡೋರಿಗೆ ಅಲ್ಲ. ಗಡಿಯಲ್ಲಿ ಗೇಟು ಇಲ್ಲದಿದ್ದರೂ ಬಸ್ಸು, ರೈಲಿನೊಳಗೆ ಐರಿಷ್ ಅಧಿಕಾರಿಗಳು ಹತ್ತಿ ಪಾಸ್‌ಪೋರ್ಟ್ ಕೇಳ್ತಾರೆ. ಸಿಕ್ಕಿಬಿದ್ದರೆ ಮುಂದಿನ ಯುಕೆ ಅರ್ಜಿಗೂ ಅದು ಅಂಟಿಕೊಳ್ಳುತ್ತೆ. ಐರಿಷ್ ವೀಸಾ ಶುಲ್ಕ ಒಂದು ಪ್ರವೇಶಕ್ಕೆ 60 ಯೂರೋ, ಹಲವು ಪ್ರವೇಶಕ್ಕೆ 100. ಅವಾಟ್ಸ್ ಅನ್ನೋ ಅವರ ಆನ್‌ಲೈನ್ ಫಾರಂ ತುಂಬಿಸಿ ಹಾಕಿ.

ಇವರ ಅಪ್ಪ ಅಮ್ಮನ ಯುಕೆ ವೀಸಾದಲ್ಲಿ ಬಿಐವಿಎಸ್ ಗುರುತು ಇದ್ದರೆ, ಯುಕೆಗೆ ಮೊದಲು ಬಂದು ಆಮೇಲೆ ಡಬ್ಲಿನ್ ನೋಡಬಹುದು. ಮಗ ಸೊಸೆಗೆ ವೀಸಾ ಬೇಕು, ಅಪ್ಪ ಅಮ್ಮನಿಗೆ ಬೇಡ. ವಿಚಿತ್ರ ಅನಿಸಬಹುದು, ನಿಯಮ ಇರೋದೇ ಹಾಗೆ.

ಜಾಜಿಬಳ್ಳಿ
ಅಪ್ಪ ಅಮ್ಮನ ಶೆಂಗೆನ್ ಬಗ್ಗೆ ಯಾರೂ ಹೇಳಲಿಲ್ಲ. ಶೆಂಗೆನ್ ಅರ್ಜಿ ಹಾಕಬೇಕಾದ್ದು ವಾಸವಿರುವ ದೇಶದಲ್ಲಿ. ವಿಸಿಟರ್ ವೀಸಾದಲ್ಲಿ ಬಂದವರು ಇಲ್ಲಿ ಇರ್ತಾರೆ ಅಷ್ಟೇ, ವಾಸಿಗಳಲ್ಲ. ಊರಲ್ಲೇ ಯಾಕೆ ಹಾಕಲಿಲ್ಲ ಅನ್ನೋದಕ್ಕೆ ಬಲವಾದ ಕಾರಣ ಕೊಟ್ಟರೆ ತಗೊಳ್ಳೋಕೆ ಅವಕಾಶ ಇದೆ, ಆದರೆ "ಮಗ ಇಲ್ಲಿದಾನೆ, ಜೊತೆಗೆ ಹೋಗ್ತೀವಿ" ಅನ್ನೋದು ಆ ಕಾರಣ ಅಲ್ಲ. ಅವರು ಹೊರಡೋ ಮುಂಚೆ ಬೆಂಗಳೂರಿನ ಕೇಂದ್ರದಲ್ಲೇ ಹಾಕಬೇಕು. ಖರ್ಚು ನೀವು ನೋಡ್ಕೊಳ್ಳೋದಾದ್ರೆ ನಿಮ್ಮ ಪತ್ರ, ಸಂಬಳದ ಚೀಟಿ, ಇ-ವೀಸಾ ಪ್ರತಿ ಕಳಿಸಿ. ಜೊತೆಗೆ ಅವರ ಪಿಂಚಣಿ ಅಥವಾ ತೋಟದ ಆದಾಯ, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ, ಊರಿಗೆ ವಾಪಸ್ ಬರೋಕೆ ಕಾರಣ ಕಾಣಬೇಕು. ಪಹಣಿ ಕನ್ನಡದಲ್ಲಿ ಇರುತ್ತೆ, ಇಂಗ್ಲಿಷ್ ಅನುವಾದ ಜೊತೆಗೆ ಇಡಿ.

ಕ್ರಮ ಹೀಗಿರಲಿ: ಯುಕೆ ವೀಸಾ ಮೊದಲು, ಅದು ಕೈಗೆ ಬಂದ ಮೇಲೆ ಶೆಂಗೆನ್. ಎರಡಕ್ಕೂ ಪಾಸ್‌ಪೋರ್ಟ್ ಒಂದೇ, ಒಟ್ಟಿಗೆ ಎರಡು ಕಡೆ ಇರೋಕೆ ಆಗಲ್ಲ. ಲಂಡನ್ನಿನಿಂದ ಹೋಗಿ ಮತ್ತೆ ಲಂಡನ್ನಿಗೇ ಬರೋದ್ರಿಂದ ಯುಕೆಗೆ ಎರಡನೇ ಸಲ ಪ್ರವೇಶ ಇದೆಯಾ ಅಂತಲೂ ನೋಡ್ಕೊಳ್ಳಿ.

ತುಂಗಾತೀರ
ಜಾಜಿಬಳ್ಳಿ ಮೇಡಂ, ತುಂಬಾ ಉಪಕಾರ ಆಯ್ತು, ಅಪ್ಪನಿಗೆ ಇವತ್ತೇ ಫೋನ್ ಮಾಡ್ತೀನಿ. ಎಚ್‌ಆರ್‌ಗೂ ಮೇಲ್ ಹಾಕಿದೆ. ಇ-ವೀಸಾದ್ದು ಯಾರಾದ್ರೂ ಹೇಳಿ.

ಕೊವೆಂಟ್ರಿ_ಕನ್ನಡಿಗ
ಯುಕೆವಿಐ (ಯುಕೆ ವೀಸಾ ವಿಭಾಗ) ಖಾತೆಗೆ ಲಾಗಿನ್ ಆಗಿ ಶೇರ್ ಕೋಡ್, ಅಂದ್ರೆ ಬೇರೆಯವರು ನಿಮ್ಮ ವೀಸಾ ಪರಿಶೀಲಿಸೋಕೆ ಕೊಡೋ ಕೋಡ್, ತೆಗೀಬೇಕು. ಎಡವೋದು ಇಲ್ಲೇ. ಯಾವುದಕ್ಕೆ ಅಂತ ಅದು ಕೇಳುತ್ತೆ: ಕೆಲಸ, ಬಾಡಿಗೆ ಮನೆ, ಬೇರೆ ಏನಾದರೂ. ಹೆಚ್ಚಿನವರು ಅಭ್ಯಾಸಬಲದಲ್ಲಿ ಕೆಲಸ ಅಂತ ಒತ್ತಿಬಿಡ್ತಾರೆ, ಆಗ ಡಬ್ಲ್ಯೂ ಅಕ್ಷರದಿಂದ ಶುರುವಾಗೋ ಕೋಡ್ ಬರುತ್ತೆ. ಬಾಡಿಗೆಗೆ ಆರ್. ರಾಯಭಾರ ಕಚೇರಿಗೆ ಬೇಕಾದ್ದು "ಬೇರೆ ಏನಾದರೂ" ಒತ್ತಿದರೆ ಬರೋ, ಎಸ್‌ನಿಂದ ಶುರುವಾಗೋ ಕೋಡ್. 90 ದಿನ ನಡೆಯುತ್ತೆ. ಕೋಡ್ ಇರೋ ಪುಟದ ಜೊತೆ ವೀಸಾ ಬಗೆ ಮತ್ತು ಮುಗಿಯೋ ತಾರೀಕು ಕಾಣೋ ಪುಟವನ್ನೂ ಮುದ್ರಿಸಿ. ಮೂವರಿಗೂ ಬೇರೆ ಬೇರೆ ಕೋಡ್, ಮಗಳಿಗೂ.

ಪಾಸ್‌ಪೋರ್ಟ್ ಈಚೆಗೆ ಹೊಸದು ಮಾಡಿಸಿದ್ದರೆ ಅದರ ಸಂಖ್ಯೆ ಆ ಖಾತೆಯಲ್ಲಿ ಬದಲಾಯಿಸಿದ್ದೀರಾ ನೋಡಿ. ಇಲ್ಲದಿದ್ದರೆ ವಾಪಸ್ ಬರುವಾಗ ಜ್ಯೂರಿಕ್‌ನಲ್ಲಿ ವಿಮಾನ ಹತ್ತೋ ಹೊತ್ತಿಗೆ ನಿಮ್ಮ ಯುಕೆ ಅನುಮತಿ ಕಾಣಲ್ಲ ಅಂತ ನಿಲ್ಲಿಸ್ತಾರೆ.

ಹುಬ್ಬಳ್ಳಿ_ಹುಡುಗ
ಇದು ಗೊತ್ತಿದ್ದಿಲ್ಲ. ಛಲೋ ಮಾಹಿತಿ. ಟಿಕೆಟ್ ಹೋಟೆಲ್ ಡಮ್ಮಿ ನಡೀತಾವೇನ್ರಿ? 10-15 ಪೌಂಡಿಗೆ ಮಾಡಿ ಕೊಡ್ತಾರ.

ದಾಖಲೆಪ್ರಿಯ
ಬೇಡ. ಅವರು ಕೊಡೋ ಪಿಎನ್‌ಆರ್ ಎರಡು ಮೂರು ದಿನಕ್ಕೆ ಸತ್ತು ಹೋಗುತ್ತೆ, ಅಧಿಕಾರಿ ನೋಡೋದು ಹತ್ತನೇ ದಿನ. ಹೋಟೆಲ್‌ಗೆ ಹಣ ವಾಪಸ್ ಬರುವ ಬುಕಿಂಗ್ ಸಾಕು, ಆದರೆ ಎಲ್ಲಾ ಪ್ರಯಾಣಿಕರ ಹೆಸರೂ ಅದರಲ್ಲಿ ಇರಬೇಕು. ಮೂವರಿಗೆ ಕೋಣೆ, ಹೆಸರು ಒಬ್ಬರದ್ದು ಅಂತಾದರೆ ಇನ್ನಿಬ್ಬರ ಕಡತದಲ್ಲಿ ವಸತಿ ಪುರಾವೆಯೇ ಇಲ್ಲ. ತೀರ್ಮಾನ ಬರುವ ಮೊದಲು ರದ್ದು ಮಾಡಬೇಡಿ. ಪ್ಯಾರಿಸ್‌ನಿಂದ ಸ್ವಿಸ್‌ಗೆ ಹೋಗೋ ರೈಲಿನ ಕಾಗದವೂ ಇರಲಿ, ಹೋಗೋದು ಬರೋದು ಹಾಕಿ ನಡುವಿನ ಪ್ರಯಾಣ ಬಿಡೋದು ಬಹಳ ಜನ ಮಾಡುವ ತಪ್ಪು.

ಬಯಲುಸೀಮೆ
ಫ್ರಾನ್ಸ್‌ನಲ್ಲಿ ಗೆಳೆಯರ ಮನೇಲಿ ಉಳಿಯೋದಾದ್ರೆ ಅವರ ಒಂದು ಪತ್ರ ಸಾಲಲ್ವಾ?

ಅಬರ್ಡೀನ್_ಅಕ್ಕ
ಸಾಲಲ್ಲ. ಅವರು ತಮ್ಮ ಊರಿನ ಮೇರಿ (ಪುರಸಭೆ) ಕಚೇರಿಗೆ ಹೋಗಿ "ಅತೆಸ್ತಾಸಿಯೋಂ ದಾಕ್ಯೋಯ್" ಅನ್ನೋ ಪತ್ರ ಮಾಡಿಸಿ, 30 ಯೂರೋ ಸ್ಟಾಂಪ್ ಕಟ್ಟಿ, ಅದರ ಮೂಲಪ್ರತಿಯನ್ನ ನಿಮಗೆ ಅಂಚೆಯಲ್ಲಿ ಕಳಿಸಬೇಕು. ಅದಿದ್ದರೆ ಒಬ್ಬೊಬ್ಬರಿಗೆ ದಿನಕ್ಕೆ ತೋರಿಸಬೇಕಾದ ಹಣ 32.50 ಯೂರೋಗೆ ಇಳಿಯುತ್ತೆ. ಹೋಟೆಲ್ ಬುಕಿಂಗ್ ಇದ್ದರೆ 65, ಏನೂ ಇಲ್ಲದಿದ್ದರೆ 120. ಸ್ವಿಸ್‌ಗೆ ದಿನಕ್ಕೆ 100 ಫ್ರಾಂಕ್. ತುಂಗಾತೀರ ಅವರ ಮನೆಗೆ ಪ್ಯಾರಿಸ್ 4 ದಿನ ಅಂದ್ರೆ 780 ಯೂರೋ, ಸ್ವಿಸ್ 4 ದಿನ (ಹೊರಡೋ ದಿನವೂ ಸೇರಿ) ಅಂದ್ರೆ 1200 ಫ್ರಾಂಕ್ ಖಾತೆಯಲ್ಲಿ ಕಾಣಬೇಕು. ಮಾಸಿಕ ಬಾಡಿಗೆ, ಖರ್ಚು ಕಳೆದ ಮೇಲೂ ಅಷ್ಟು ಉಳಿದಿರಲಿ.

ಅರ್ಜಿ ಹಾಕೋ ಹಿಂದಿನ ವಾರ ಯಾರ ಹತ್ರವೋ 3000 ಪೌಂಡ್ ತಂದು ತುಂಬಿಸೋದು ಬೇಡ. 3 ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಸಂಬಳ ಬಂದ ಸಾಲು, ಸಂಬಳ ಚೀಟಿಯ ಮೊತ್ತ, ಕಂಪನಿ ಪತ್ರದಲ್ಲಿ ಬರೆದ ವಾರ್ಷಿಕ ಸಂಬಳ, ಈ ಮೂರೂ ಒಂದಕ್ಕೊಂದು ಕೂಡಿಬಂದರೆ ಬೇರೇನೂ ಬೇಡ. ಕಂಪನಿ ಪತ್ರದಲ್ಲಿ ರಜೆ ಮಂಜೂರಾದ ತಾರೀಕು ಇರಲೇಬೇಕು, ಪತ್ರ ತಿಂಗಳಿಗಿಂತ ಹಳೆಯದಾಗಿರಬಾರದು.

ಜಾಜಿಬಳ್ಳಿ
ಹೆಸರಿನ ತೊಂದರೆ ನಮ್ಮವರಿಗೇ ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಗಿವನ್ ನೇಮ್‌ನಲ್ಲಿ ಪೂರ್ತಿ ಹೆಸರು. ಬ್ಯಾಂಕಿನಲ್ಲಿ "ರಮೇಶ್ ಕೆ", ಕಂಪನಿಯಲ್ಲಿ "ರಮೇಶ್ ಕೃಷ್ಣಪ್ಪ". ಒಬ್ಬನೇ ಮನುಷ್ಯ, ಕಡತದಲ್ಲಿ ಮೂವರಾಗ್ತಾನೆ. ಪಾಸ್‌ಪೋರ್ಟ್‌ನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಯಂತ್ರ ಓದೋದು ಅದನ್ನ. ಸರ್‌ನೇಮ್ ಇಲ್ಲದವರ ಪೂರ್ತಿ ಹೆಸರು ಅಲ್ಲಿ ಐಎನ್‌ಡಿ (ಭಾರತದ ಗುರುತು) ಆದ ತಕ್ಷಣ, ಮನೆತನದ ಹೆಸರಿನ ಜಾಗದಲ್ಲೇ ಬಂದಿರುತ್ತೆ. ಫಾರಂ, ಟಿಕೆಟ್, ವಿಮೆ ಎಲ್ಲಕ್ಕೂ ಅದೇ ಕಾಗುಣಿತ. ಬ್ಯಾಂಕಿನವರಿಗೆ ಹೇಳಿ ಪೂರ್ತಿ ಹೆಸರು ಹಾಕಿಸಿ, ಆಗದಿದ್ದರೆ ಎರಡೂ ಹೆಸರು ಒಬ್ಬರದ್ದೇ ಅಂತ ಒಂದು ಪತ್ರ ತಗೊಳ್ಳಿ.

ಕುಡ್ಲದವ
ಸರಿಯಾಗಿ ಹೇಳಿದಿರಿ. ಇದೇ ಕಾರಣಕ್ಕೆ ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿರುವವರನ್ನ ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ. ದುಬೈ ಮೇಲೆ ಊರಿಗೆ ಹೋಗುವಾಗ ಎರಡು ದಿನ ಇಳಿಯುವ ಅಂತ ಇರುವವರು ನೋಡ್ಕೊಳ್ಳಿ.

ತುಂಗಾತೀರ
ಮಗಳ ಕಾಗದಪತ್ರ ಏನೇನು ಬೇಕು? ಜನನ ಪ್ರಮಾಣಪತ್ರ ಹಳೇದು, ಕೈಬರಹದ್ದು.

ಜಾಜಿಬಳ್ಳಿ
ನೋಂದಣಿ ಕಚೇರಿಯಲ್ಲಿ ಗಣಕೀಕೃತ ಪ್ರತಿ ಕೇಳಿ. ನೋಂದಣಿ ಇ-ಜನ್ಮದಲ್ಲಿ (ಕರ್ನಾಟಕದ ಜನನ ನೋಂದಣಿ ತಾಣ) ಸಿಕ್ಕರೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪ್ರತಿ ಬರುತ್ತೆ, ಅನುವಾದದ ತಲೆನೋವು ತಪ್ಪುತ್ತೆ. ಅದರಲ್ಲಿ ಅಪ್ಪ ಅಮ್ಮನ ಹೆಸರು ನಿಮ್ಮ ಪಾಸ್‌ಪೋರ್ಟ್ ಥರಾನೇ ಇದೆಯಾ ಹೋಲಿಸಿ ನೋಡಿ. ಮಗುವಿನ ಫಾರಂಗೆ ಇಬ್ಬರೂ ಸಹಿ ಹಾಕಬೇಕು, ಶಾಲೆಯ ಪತ್ರ ಒಂದು ಇರಲಿ. 12 ವರ್ಷದೊಳಗೆ ಬೆರಳಚ್ಚು ತಗೊಳ್ಳಲ್ಲ. ಹೆಂಡತಿ ಕೆಲಸ ಮಾಡ್ತಿಲ್ಲ ಅಂದ್ರೆ ಮದುವೆ ನೋಂದಣಿ ಪತ್ರ ಬೇಕು, ಛತ್ರದ ರಸೀತಿ, ಲಗ್ನಪತ್ರಿಕೆ ನಡೆಯಲ್ಲ.

ಕೊವೆಂಟ್ರಿ_ಕನ್ನಡಿಗ
ವಿಮೆ ಮರೆತಿದ್ದೀರಿ. ಕನಿಷ್ಠ 30,000 ಯೂರೋ, ತುರ್ತು ಚಿಕಿತ್ಸೆ ಜೊತೆಗೆ ಶವ ಅಥವಾ ರೋಗಿಯನ್ನ ವಾಪಸ್ ಸಾಗಿಸೋ ಖರ್ಚು, ಇಡೀ ಶೆಂಗೆನ್‌ಗೆ. ಎನ್‌ಎಚ್‌ಎಸ್‌ನ (ಯುಕೆ ಸರ್ಕಾರಿ ಆರೋಗ್ಯ ಸೇವೆ) ಜಿಎಚ್‌ಐಸಿ ಆರೋಗ್ಯ ಕಾರ್ಡ್ ಇದರ ಬದಲಿಗೆ ಆಗಲ್ಲ, ವಾಪಸ್ ಸಾಗಿಸೋ ಖರ್ಚು ಅದರಲ್ಲಿ ಇಲ್ಲ. ಫೋಟೋ 35×45 ಮಿಲಿಮೀಟರ್, 6 ತಿಂಗಳೊಳಗಿನದ್ದು.

ಬಯಲುಸೀಮೆ
ಅಪಾಯಿಂಟ್‌ಮೆಂಟ್ ಸಿಗದೇ ಇರೋದೇ ದೊಡ್ಡ ಸಮಸ್ಯೆ. ಟೆಲಿಗ್ರಾಂನಲ್ಲಿ ಮಾರೋರ ಹತ್ರ ತಗೋಬಹುದಾ?

ದಾಖಲೆಪ್ರಿಯ
ಬೇಡವೇ ಬೇಡ. ಪಾಸ್‌ಪೋರ್ಟ್ ಸಂಖ್ಯೆ, ಜನ್ಮ ದಿನಾಂಕ ಎಲ್ಲಾ ಅಪರಿಚಿತರ ಕೈಗೆ ಕೊಟ್ಟಂತೆ. ಬೇರೆ ಹೆಸರಲ್ಲಿ ಹಿಡಿದ ಸಮಯಕ್ಕೆ ನೀವು ಹೋದರೆ ಬಾಗಿಲಲ್ಲೇ ತಡೀತಾರೆ. ಫ್ರಾನ್ಸ್‌ಗೆ ಲಂಡನ್ ಒಂದೇ ಅಲ್ಲ, ಮ್ಯಾಂಚೆಸ್ಟರ್, ಎಡಿನ್‌ಬರೋದಲ್ಲೂ ಕೇಂದ್ರ ಇದೆ. ಲೀಡ್ಸ್‌ನವರಿಗೆ ಮ್ಯಾಂಚೆಸ್ಟರ್ ಹತ್ತಿರ. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ 15 ದಿನ ಮುಂಚೆವರೆಗೆ ಅರ್ಜಿ ತಗೋತಾರೆ. ಮೊದಲು ಫ್ರಾನ್ಸ್-ವೀಸಾಸ್ ತಾಣದಲ್ಲಿ ಫಾರಂ ಮುಗಿಸಿ ಅರ್ಜಿ ಸಂಖ್ಯೆ ಇಟ್ಕೊಂಡಿರಿ, ಜಾಗ ಕಂಡಾಗ ಟೈಪ್ ಮಾಡ್ತಾ ಕೂತರೆ ಹೋಗಿಬಿಡುತ್ತೆ.

ತೀರ್ಮಾನಕ್ಕೆ ಮಾಮೂಲಿ 15 ದಿನ, ಹೆಚ್ಚಿನ ಪರಿಶೀಲನೆ ಅಂದ್ರೆ 45ರವರೆಗೆ. ಅಷ್ಟೂ ದಿನ ಪಾಸ್‌ಪೋರ್ಟ್ ಅವರ ಹತ್ತಿರವೇ. ಊರಿನಲ್ಲಿ ಮನೆಯವರಿಗೆ ಹುಷಾರಿಲ್ಲದ ಸಮಯವಾದರೆ ಇದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ಅರ್ಜಿ ವಾಪಸ್ ತಗೊಂಡು ಪಾಸ್‌ಪೋರ್ಟ್ ಕೇಳಬಹುದು, ಆದರೆ ಕೈಗೆ ಬರೋಕೆ ಒಂದೆರಡು ದಿನ ಹಿಡಿಯುತ್ತೆ.

ಅಬರ್ಡೀನ್_ಅಕ್ಕ
ವೀಸಾ ಬಂದ ಮೇಲೆ ಚೀಟಿಯನ್ನ ಕೇಂದ್ರದ ಬಾಗಿಲು ದಾಟೋ ಮುಂಚೆ ಓದಿ. ಏಪ್ರಿಲ್ 3ರಿಂದ 25ರವರೆಗೆ ಅಂತ ತಾರೀಕು ಇರಬಹುದು, ಅದರ ಕೆಳಗೆ ದಿನಗಳ ಜಾಗದಲ್ಲಿ 08 ಅಂತ ಇರಬಹುದು. 25ರವರೆಗೆ ಇರಬಹುದು ಅಂತ ಅರ್ಥ ಅಲ್ಲ. ಪ್ರಯಾಣ ಹಿಂದೆ ಮುಂದೆ ಆದರೆ ಇರಲಿ ಅಂತ 15 ದಿನ ಸೇರಿಸಿರ್ತಾರೆ, ಒಳಗಿರಬಹುದಾದ್ದು 8 ದಿನ ಮಾತ್ರ. ಒಳಹೋದ ದಿನ, ಹೊರಬಂದ ದಿನ ಎರಡೂ ಎಣಿಕೆಗೆ ಸೇರುತ್ತೆ. ಪ್ರವೇಶದ ಜಾಗದಲ್ಲಿ 01 ಇದ್ದರೆ ನಡುವೆ ಒಂದು ದಿನ ಲಂಡನ್ನಿಗೆ ಬಂದು ಮತ್ತೆ ಹೋಗೋಕೆ ಆಗಲ್ಲ.

ಕೊವೆಂಟ್ರಿ_ಕನ್ನಡಿಗ
ಯೂರೋಸ್ಟಾರ್‌ಗೆ ಫ್ರೆಂಚ್ ಪೊಲೀಸರ ತಪಾಸಣೆ ಲಂಡನ್ ಸೇಂಟ್ ಪ್ಯಾಂಕ್ರಾಸ್‌ನಲ್ಲೇ ಆಗುತ್ತೆ, ಪ್ಯಾರಿಸ್‌ನಲ್ಲಿ ಅಲ್ಲ. 2025ರ ಅಕ್ಟೋಬರ್ 12ರಿಂದ ಇಇಎಸ್ (ಗಡಿಯಲ್ಲಿ ಬಂದು ಹೋಗೋರನ್ನ ಗಣಕದಲ್ಲಿ ದಾಖಲಿಸೋ ವ್ಯವಸ್ಥೆ) ಹಂತಹಂತವಾಗಿ ಬಂದಿದೆ. ವೀಸಾ ಇರೋರ ಬೆರಳಚ್ಚು ವೀಸಾ ಅರ್ಜಿಯಲ್ಲೇ ಇರೋದ್ರಿಂದ ಮುಖದ ಚಿತ್ರ ದಾಖಲಿಸ್ತಾರೆ. ಸಾಲು ಉದ್ದ ಇರುತ್ತೆ, ಮಗು ಜೊತೆ ಬೇಗ ಹೋಗಿ. ಹೋಟೆಲ್, ವಿಮೆ, ವಾಪಸ್ ಟಿಕೆಟ್ ಕಾಗದದಲ್ಲೇ ಕೈಯಲ್ಲಿರಲಿ.

ಹುಬ್ಬಳ್ಳಿ_ಹುಡುಗ
ಮತ್ತ ಊಟದ ಗತಿ ಏನ್ರಿ? ರೊಟ್ಟಿ, ಶೇಂಗಾ ಚಟ್ನಿ, ತುಪ್ಪ ಒಯ್ಯಬಹುದಾ?

ಜಾಜಿಬಳ್ಳಿ
ಒಣ ರೊಟ್ಟಿ, ಚಟ್ನಿಪುಡಿ ತಗೊಂಡು ಹೋಗಿ. ತುಪ್ಪ, ಮೊಸರು, ಪನೀರ್ ಬೇಡ. ಯುಕೆ ಈಗ ಯೂರೋಪ್ ಒಕ್ಕೂಟದಲ್ಲಿ ಇಲ್ಲ, ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯೋ ಹಾಗಿಲ್ಲ. ಮಗುವಿನ ಹಾಲಿನ ಪುಡಿಗೆ ವಿನಾಯಿತಿ ಇದೆ. ವಾಪಸ್ ಬರುವಾಗಲೂ ಹುಷಾರು, 2025ರ ಏಪ್ರಿಲ್ 12ರಿಂದ ಯೂರೋಪಿನ ಚೀಸ್ ಇಲ್ಲಿಗೆ ತರೋದನ್ನ ನಿಲ್ಲಿಸಿದ್ದಾರೆ.

ತುಂಗಾತೀರ
ಎಚ್‌ಆರ್ ಉತ್ತರ ಬಂತು. ಸಿಒಎಸ್ ಆರಂಭದ ದಿನ ಏಪ್ರಿಲ್ ಮೊದಲ ವಾರಕ್ಕಿಂತ ಮುಂಚೆ ಹಾಕೋಕೆ ಆಗಲ್ಲವಂತೆ.

ಕುಡ್ಲದವ
ಹಾಗಾದರೆ ಅರ್ಜಿ ಈಗಲೇ ಹಾಕಲು ಬರ್ತದೆ, ಜನವರಿ ಮೊದಲ ವಾರ ದಾಟಿ ಆಯ್ತಲ್ಲ. 500 ಪೌಂಡಿನದ್ದು ಹಾಕಿ, ಫೆಬ್ರವರಿ ಶುರುವಿನೊಳಗೆ ಹೊಸ ತಾರೀಕು ಬಂದರೆ ಮ್ಯಾಂಚೆಸ್ಟರ್ ಸಿಗ್ತದಾ ನೋಡಿ. ಫೆಬ್ರವರಿ ಕೊನೆವರೆಗೂ ಜಾಗ ಸಿಗದಿದ್ದರೆ ಈಸ್ಟರ್ ಬಿಡಿ, ಹೋಟೆಲನ್ನ ಜುಲೈ ಕೊನೆಗೆ ಸರಿಸಿ. ಅಪ್ಪ ಅಮ್ಮನಿಗೂ ಆ ತಾರೀಕು ಆಗ್ತದಾ ಕೇಳಿ, ಅವರ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ 6 ತಿಂಗಳು ಮಾತ್ರ ಇರಲಿಕ್ಕೆ ಆಗುವುದು.

ತುಂಗಾತೀರ
ಅವರ ಟಿಕೆಟ್ ಇನ್ನೂ ಮಾಡಿಲ್ಲ. ಇವತ್ತು ರಾತ್ರಿ ವೀಸಾ ವಿಸ್ತರಣೆಯ ಅರ್ಜಿಗೆ ಕೂರ್ತೀನಿ, ಪ್ಯಾರಿಸ್ ಹೋಟೆಲ್ ಬುಕಿಂಗ್‌ನಲ್ಲಿ ಹೆಂಡತಿ, ಮಗಳ ಹೆಸರೂ ಸೇರಿಸ್ತೀನಿ.